ಒಂದು ಸೌಟು, ನಲವತ್ತು ಎಲೆ

"ಸರ್, ಇಮೇಜು ಹೋಯ್ತು!"

ತಪಾಸಣೆ ತಂಡ ಬರುವ ದಿನ ಬೆಳಿಗ್ಗೆ ಒಂಬತ್ತೂಕಾಲಿಗೆ ಲ್ಯಾಬಿನ ಹುಡುಗ ಪ್ರಾಂಶುಪಾಲರ ಚೇಂಬರಿಗೆ ನುಗ್ಗಿ ಹೇಳಿದ ಮಾತು ಇದು. ಪ್ರಾಂಶುಪಾಲರು ಕಷಾಯದ ಲೋಟ ಕೆಳಗಿಟ್ಟರು.

"ಯಾರು ಅರ್ಜಿ ಕೊಟ್ಟಿದ್ದು? ಪೇಪರಲ್ಲಿ ಬಂತನಾ?"

"ಪೇಪರಲ್ಲಿ ಎಂತದೂ ಇಲ್ಲ ಸರ್. ಸರ್ವರಲ್ಲಿ ಹೋಗಿದ್ದು."

"ಎಷ್ಟು ಜನಕ್ಕೆ ಗೊತ್ತಾಗಿದೆ?"

"ನಲವತ್ತು ಕಂಪ್ಯೂಟರಿಗೂ ಗೊತ್ತಾಗಿದೆ ಸರ್. ಒಂದೂ ಏಳ್ತಾ ಇಲ್ಲ."

ಪ್ರಾಂಶುಪಾಲರು ಉಸಿರು ಬಿಟ್ಟು ಕಷಾಯದ ಲೋಟ ಮತ್ತೆ ಎತ್ತಿಕೊಂಡರು. "ಹಂಗೆ ಹೇಳು ಮಾರಾಯ. ನಾನು ಕಾಲೇಜಿನ ಇಮೇಜು ಹೋಯ್ತು ಅಂದ್ಕೊಂಡೆ. ಕಂಪ್ಯೂಟರು ಏಳದೇ ಇದ್ರೆ ಏನಾಯ್ತೀಗ? ಕವರು ಹೊದೆಸಿ ಇಡು."

ಎದುರಿನ ಕುರ್ಚಿಯಲ್ಲಿ ಕುಳಿತಿದ್ದ ನಾನು ಇದಕ್ಕೆ ಸಾಕ್ಷಿ. ನಾನು ನಿವೃತ್ತ ಮಾಸ್ತರ, ಜೊತೆಗೆ ಆ ಕಾಲೇಜಿನ ಹಳೆ ವಿದ್ಯಾರ್ಥಿ ಸಂಘದ ಖಜಾಂಚಿ. ಖಜಾನೆಯಲ್ಲಿ ಏನೂ ಇಲ್ಲದ ಕಾರಣ ಕೆಲಸ ಹಗುರ. ತಪಾಸಣೆಯ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ಕುಳಿತರೆ ಮುಗಿಯಿತು. ಕಾಲೇಜು ಯಾವುದು ಎಂದು ಕೇಳಬೇಡಿ. ಭಟ್ಕಳದ್ದು ಎಂದರೆ ಹೊನ್ನಾವರದವರು ನಗುತ್ತಾರೆ, ಹೊನ್ನಾವರದ್ದು ಎಂದರೆ ಕುಮಟೆಯವರು ನಗುತ್ತಾರೆ, ಕುಮಟೆಯದ್ದು ಎಂದರೆ ಭಟ್ಕಳದವರು "ನಮ್ಮಲ್ಲೂ ಹಾಗೇ" ಎನ್ನುತ್ತಾರೆ. ಹೆದ್ದಾರಿ 66ರಲ್ಲಿ ಟೆಂಪೋ ಹತ್ತಿ ಎಲ್ಲಿ ಇಳಿದರೂ ನಿಮಗೆ ಸಿಗುವ ಕಾಲೇಜು ಎಂದು ಇಟ್ಟುಕೊಳ್ಳಿ.

ಈಗ ಹೋದದ್ದು ಯಾವ ಇಮೇಜು ಎಂಬುದನ್ನು ಹೇಳಬೇಕು.

ನಮ್ಮ ಕರಾವಳಿಯಲ್ಲಿ ಕಂಪ್ಯೂಟರಿಗೆ ಎರಡು ಶತ್ರುಗಳು: ಉಪ್ಪುಗಾಳಿ ಮತ್ತು ಉದ್ಘಾಟನೆ. ಉಪ್ಪುಗಾಳಿ ಒಳಗಿನಿಂದ ತಿನ್ನುತ್ತದೆ. ಉದ್ಘಾಟನೆ ಆದ ಮರುದಿನ ಬೀಗ ಬೀಳುತ್ತದೆ, ಬೀಗ ಬಿದ್ದ ಕೋಣೆಯಲ್ಲಿ ಉಪ್ಪುಗಾಳಿಗೆ ಮತ್ತಷ್ಟು ಬಿಡುವು ಸಿಗುತ್ತದೆ. ಜೂನಿನಲ್ಲಿ ಹಿಡಿದ ಮಳೆ ಸೆಪ್ಟೆಂಬರಿನಲ್ಲಿ ಬಿಡುವಷ್ಟರಲ್ಲಿ ನಲವತ್ತರಲ್ಲಿ ಹದಿನೇಳು ಹಾರ್ಡ್ ಡಿಸ್ಕ್ ಕಣ್ಣು ಮುಚ್ಚಿದ್ದವು. ಉಳಿದವುಗಳಲ್ಲಿ ಒಂದೊಂದಕ್ಕೆ ಒಂದೊಂದು ವೈರಸ್ಸು, ಒಂದೊಂದು ಬಗೆಯ ವಿಂಡೋಸು. ಪೆನ್ ಡ್ರೈವ್ ಹಿಡಿದು ಒಂದಾದ ಮೇಲೊಂದಕ್ಕೆ ಹೊಸದಾಗಿ ಹಾಕುತ್ತ ಹೋದರೆ ಒಂದಕ್ಕೆ ಮುಕ್ಕಾಲು ಗಂಟೆ, ನಲವತ್ತಕ್ಕೆ ಮೂವತ್ತು ಗಂಟೆ. ನಲವತ್ತನೆಯದು ಮುಗಿಯುವಾಗ ಮೊದಲನೆಯದು ಮತ್ತೆ ಕೆಟ್ಟಿರುತ್ತದೆ. ಊರಿನ ಮಣ್ಣಿನ ರಸ್ತೆ ರಿಪೇರಿ ಮಾಡುವವರಿಗೆ ಈ ಗಣಿತ ಚೆನ್ನಾಗಿ ಗೊತ್ತು.

ಲ್ಯಾಬಿನ ಹುಡುಗ ಹಂಗಾಮಿ ನೌಕರ. ಆದರೂ ತಲೆ ಕಾಯಂ ಇತ್ತು. ಅವನು ಡಿಸ್ಕಿನ ಹಂಗೇ ಬೇಡ ಎಂದುಬಿಟ್ಟ. ಮೂಲೆಯಲ್ಲಿದ್ದ ಒಂದು ಗಟ್ಟಿ ಕಂಪ್ಯೂಟರನ್ನು ಸರ್ವರ್ ಮಾಡಿದ. ಅದರಲ್ಲಿ ಲಿನಕ್ಸ್, ಸಿ ಕಂಪೈಲರ್, ಪೈಥಾನ್, ಕನ್ನಡದ ಅಕ್ಷರ ಎಲ್ಲ ಕೂಡಿಸಿ ಒಂದೂವರೆ ಜಿಬಿಯ ಒಂದೇ ಒಂದು ಕಡತ ಕಟ್ಟಿದ. ಅದಕ್ಕೇ ಅವರ ಕಸುಬಿನಲ್ಲಿ ಬೂಟ್ ಇಮೇಜ್ ಎನ್ನುವುದು. ನಲವತ್ತು ಯಂತ್ರಗಳೂ ಬೆಳಿಗ್ಗೆ ಬರಿಗೈಯಲ್ಲಿ ಎದ್ದು, ವೈರಿನ ಮೂಲಕ ಆ ಕಡತವನ್ನು ತರಿಸಿಕೊಂಡು, ಮೆಮೊರಿಯಲ್ಲಿ ಇಟ್ಟುಕೊಂಡು ಕೆಲಸ ಮಾಡಿ, ಸಂಜೆ ಬರಿಗೈಯಲ್ಲೇ ಮಲಗುತ್ತವೆ. ಒಂದನ್ನು ಸರಿಪಡಿಸಿದರೆ ನಲವತ್ತೂ ಸರಿ.

"ಅದು ಹೆಂಗೆ ಮಾರಾಯ, ತಲೆಯೊಳಗೆ ಏನೂ ಇಲ್ಲದೇ ಏಳ್ತದೆ?" ಎಂದು ಕೇಳಿದೆ.

"ಮಾಸ್ತರ್ರೆ, ಊಟದ ಪಂಕ್ತಿ ನೋಡಿದ್ದೀರಲ್ಲ. ಸರ್ವರ್ ಅಂದ್ರೆ ಬಡಿಸುವವ, ಅಷ್ಟೇ," ಎಂದ.

ಈ ಹೋಲಿಕೆ ನನಗೆ ಎಷ್ಟು ಹಿಡಿಸಿತೆಂದರೆ ಈಗ ಅದನ್ನೇ ನಿಮಗೆ ಬಡಿಸುತ್ತಿದ್ದೇನೆ. ಗುಂಡಿ ಒತ್ತಿದ ತಕ್ಷಣ ಕಂಪ್ಯೂಟರಿಗೆ ತನ್ನ ಹೆಸರೂ ಗೊತ್ತಿಲ್ಲ, ಊರೂ ಗೊತ್ತಿಲ್ಲ. ನೆಟ್‌ವರ್ಕ್ ಕಾರ್ಡಿನೊಳಗಿನ ಚೂರು ಬುದ್ಧಿ ಮಾತ್ರ ಎಚ್ಚರವಿರುತ್ತದೆ. ಆ ಬುದ್ಧಿಗೆ ಪಿಎಕ್ಸ್‌ಇ ಎಂದು ಹೆಸರು. ಇಂಟೆಲ್ ಕಂಪನಿ 1990ರ ದಶಕದ ಕೊನೆಯಲ್ಲಿ ಅದರ ನಿಯಮ ಬರೆದಿಟ್ಟಿತು. ಅದು ಚಪ್ಪರದೊಳಗೆ ಬಂದು, "ಯಾರಾದ್ರೂ ಇದ್ದೀರಾ? ನಾನು ಎಲ್ಲಿ ಕೂರಲಿ?" ಎಂದು ಕೂಗುತ್ತದೆ. ಡಿಎಚ್‌ಸಿಪಿ ಎಂಬ ಮನೆ ಯಜಮಾನ, "ಬನ್ನಿ, ಏಳನೇ ಎಲೆ ನಿಮ್ಮದು, ಬಡಿಸುವವನು ಅಲ್ಲಿದ್ದಾನೆ, ಅನ್ನ ಎಂದು ಕೇಳಿ" ಎನ್ನುತ್ತಾನೆ. ಎಲೆಯ ಸಂಖ್ಯೆ, ಬಡಿಸುವವನ ಗುರುತು, ಕೇಳಬೇಕಾದ ಪದಾರ್ಥದ ಹೆಸರು: ಮೂರೂ ಸಿಕ್ಕರೆ ಮಾತ್ರ ಊಟ.

ಆಮೇಲೆ ಬಡಿಸುವುದು. ಮೊದಲ ತುತ್ತನ್ನು ಬಡಿಸುವವನ ಹೆಸರು ಟಿಎಫ್‌ಟಿಪಿ. ಆ ಹೆಸರಿನ ಮೊದಲ 'ಟಿ'ಗೆ ಕ್ಷುಲ್ಲಕ ಎಂದೇ ಅರ್ಥ. ಇಟ್ಟವರೇ ಹಾಗೆ ಇಟ್ಟಿದ್ದಾರೆ. 1980ರ ದಶಕದ ಈ ಮನುಷ್ಯ ಒಂದು ಸಲಕ್ಕೆ 512 ಬೈಟು ಮಾತ್ರ ಬಡಿಸುತ್ತಾನೆ. ಬಡಿಸಿ, "ಬಂತಾ?" ಎನ್ನುತ್ತಾನೆ. ಉಣ್ಣುವವ "ಬಂತು" ಎನ್ನುವವರೆಗೂ ಎರಡನೇ ಸೌಟು ಎತ್ತುವುದಿಲ್ಲ. ಹೀಗೆ ಚಿಕ್ಕದೊಂದು ಚಾಲಕ ಕಡತವನ್ನು ಬಡಿಸಿ ಕೈ ತೊಳೆಯುತ್ತಾನೆ. ಅಷ್ಟು ಹೊಟ್ಟೆಗೆ ಬಿದ್ದ ಮೇಲೆ ಕಂಪ್ಯೂಟರಿಗೆ ತ್ರಾಣ ಬಂದು, ಒಂದೂವರೆ ಜಿಬಿಯ ಉಳಿದ ಊಟವನ್ನು ದೊಡ್ಡ ಸೌಟಿನವರಿಂದ ಬಡಿಸಿಕೊಳ್ಳುತ್ತದೆ.

ಈಗ ತಪಾಸಣೆಯ ದಿನಕ್ಕೆ ಬರೋಣ. ನಲವತ್ತೂ ಪರದೆಯ ಮೇಲೆ ಒಂದೇ ಸಾಲು: ಪಿಎಕ್ಸ್‌ಇ-ಇ53, ಬೂಟ್ ಕಡತದ ಹೆಸರು ಬರಲಿಲ್ಲ. ಅಂದರೆ ವಿಳಾಸ ಕೊಟ್ಟವರು ಯಾರೋ ಇದ್ದಾರೆ, ಕಡತದ ಹೆಸರು ಹೇಳಿಲ್ಲ. ಎಲೆ ಸಂಖ್ಯೆ ಹೇಳಿ ಅನ್ನದ ಸುದ್ದಿ ಎತ್ತದ ಯಜಮಾನ. ಇಂಥ ಯಜಮಾನರು ಸರ್ಕಾರಿ ಕಚೇರಿಗಳಲ್ಲಿ ಮಾತ್ರ ಇರುತ್ತಾರೆ ಎಂದು ನಾನು ತಿಳಿದಿದ್ದೆ: ಟೋಕನ್ ಕೊಡುತ್ತಾರೆ, ಫೈಲು ಎಲ್ಲಿದೆ ಎನ್ನುವುದಿಲ್ಲ.

ಹುಡುಗ ವೈರು ಹಿಡಿದು ಹುಡುಕುತ್ತ ಹೊರಟ. ಲ್ಯಾಬಿನಿಂದ ಕಾರಿಡಾರು, ಕಾರಿಡಾರಿನಿಂದ ಆಫೀಸು, ಆಫೀಸಿನಿಂದ ನೇರ ಚೇಂಬರು. ಪ್ರಾಂಶುಪಾಲರ ಕುರ್ಚಿಯ ಹಿಂದೆ, ಸರಸ್ವತಿ ಪಟದ ಕೆಳಗೆ, ಹೊಸ ವೈಫೈ ಡಬ್ಬವೊಂದು ಮಿಣಮಿಣ ಎನ್ನುತ್ತಿತ್ತು. ತಪಾಸಣೆಯವರ ಮೊಬೈಲಿಗೆ ಇಂಟರ್ನೆಟ್ ಸಿಗಲಿ ಎಂದು ಹಿಂದಿನ ಸಂಜೆ ಪೇಟೆಯಿಂದ ತರಿಸಿ, ಇದ್ದ ವೈರಿಗೇ ಸಿಕ್ಕಿಸಿದ್ದರು. ಆ ಡಬ್ಬದೊಳಗೂ ಒಬ್ಬ ಡಿಎಚ್‌ಸಿಪಿ ಯಜಮಾನ ಕುಳಿತಿದ್ದ. ಲ್ಯಾಬಿನ ನಲವತ್ತು ಜೀವಗಳು ಬೆಳಿಗ್ಗೆ ಎದ್ದು "ನಾನು ಎಲ್ಲಿ ಕೂರಲಿ?" ಎಂದು ಕೂಗಿದಾಗ ಸರ್ವರಿಗಿಂತ ಮೊದಲು ಚೇಂಬರೇ ಉತ್ತರ ಕೊಟ್ಟಿತ್ತು. ಎಲ್ಲರಿಗೂ ಜಾಗ ಕೊಟ್ಟಿತು. ಮುಂದೇನು ಮಾಡಬೇಕೆಂದು ಯಾರಿಗೂ ಹೇಳಲಿಲ್ಲ.

ಇಮೇಜು ಲ್ಯಾಬಿನಲ್ಲಿ ಕಳೆದಿರಲಿಲ್ಲ. ಚೇಂಬರಿನಲ್ಲಿ ಕಳೆದಿತ್ತು.

ಹುಡುಗ ಡಬ್ಬದ ವೈರು ಕಿತ್ತ. ಸರಿಯಾಗಿ ಅದೇ ಹೊತ್ತಿಗೆ ಕರೆಂಟು ಹೋಯಿತು. ಯುಪಿಎಸ್ ಎರಡು ಸಲ ಕೂಗಿ ತನ್ನ ಕರ್ತವ್ಯ ಮುಗಿಸಿತು. ಅದರ ಬ್ಯಾಟರಿಯ ಬೆಲೆಯನ್ನು 'ಮುಂದಿನ ಸಾಲಿನ ಕ್ರಿಯಾ ಯೋಜನೆ'ಯಲ್ಲಿ ಸೇರಿಸಿದ್ದರು. ಹತ್ತು ನಿಮಿಷಕ್ಕೆ ಕರೆಂಟು ಬಂತು. ನಲವತ್ತೂ ಯಂತ್ರಗಳು ಏಕಕಾಲಕ್ಕೆ ಎದ್ದು, ಏಕಕಾಲಕ್ಕೆ ಸರ್ವರಿನ ಮುಂದೆ ಎಲೆ ಹಾಸಿದವು.

ಇಲ್ಲಿ ಸ್ವಲ್ಪ ಲೆಕ್ಕ ಮಾಡಬೇಕು, ಮಾಸ್ತರನ ಚಟ. ಒಂದೂವರೆ ಜಿಬಿ ನಲವತ್ತು ಸಲ ಎಂದರೆ 60 ಜಿಬಿ. ಸರ್ವರಿನಿಂದ ಹೊರಡುವುದು ಒಂದೇ ವೈರು. ಅದು ಗಿಗಾಬಿಟ್ ವೇಗದ್ದಾಗಿದ್ದರೆ ಸೆಕೆಂಡಿಗೆ ಹೆಚ್ಚೆಂದರೆ 125 ಎಂಬಿ, ಅಂದರೆ ಎಂಟು ನಿಮಿಷದ ಕೆಲಸ. ಆದರೆ ಮಧ್ಯದಲ್ಲಿರುವ ಸ್ವಿಚ್ಚಿಗೆ ಮೂರು ಕೊಟೇಶನ್ ಕರೆದು, ಅತ್ಯಂತ ಕಡಿಮೆ ಬೆಲೆಯದನ್ನು ಆರಿಸಿದ್ದರು. ಅದು ಅದರ ಹತ್ತನೇ ಒಂದು ಪಾಲು ವೇಗದ್ದು. ಎಂಟು ನಿಮಿಷ ಎಂಬತ್ತಾಯಿತು. ನಮ್ಮಲ್ಲಿ ಪ್ರಾಕ್ಟಿಕಲ್ ಅವಧಿ ಎರಡು ಗಂಟೆ. ಮಕ್ಕಳು ಎಂಬತ್ತು ನಿಮಿಷ ಕಪ್ಪು ಪರದೆ ನೋಡಿ, ಉಳಿದ ನಲವತ್ತು ನಿಮಿಷದಲ್ಲಿ ಹಾಜರಿ ಹಾಕಿಸಿಕೊಂಡು, ಜರ್ನಲ್ಲಿಗೆ ಸಹಿ ಮಾಡಿಸಿಕೊಂಡು ಹೊರಡುತ್ತಾರೆ. ಸ್ವಿಚ್ಚಿನಲ್ಲಿ ಉಳಿಸಿದ ಹಣ ಎಷ್ಟು ಎಂಬುದು ಕಡತದಲ್ಲಿದೆ. ಕಳೆದ ಗಂಟೆಗಳಿಗೆ ಕಡತವಿಲ್ಲ.

ತಂಡ ಲ್ಯಾಬಿಗೆ ಬಂದಾಗ ಎಂಬತ್ತರಲ್ಲಿ ಹನ್ನೆರಡನೆಯ ನಿಮಿಷ ನಡೆಯುತ್ತಿತ್ತು. ನಲವತ್ತೂ ಪರದೆ ಒಂದೇ ಬಗೆಯಲ್ಲಿ ಕಪ್ಪಗಿದ್ದವು. ತಂಡದ ಹಿರಿಯರು ಆ ಶಿಸ್ತು ನೋಡಿ ತಲೆದೂಗಿದರು. "ಎಲ್ಲ ಒಂದೇ ಥರ ಮೆಂಟೇನ್ ಮಾಡಿದ್ದೀರಿ," ಎಂದರು. ಗೋಡೆಯ ಮೇಲಿನ ಉದ್ಘಾಟನಾ ಫಲಕದ ಮುಂದೆ ಫೋಟೋ ತೆಗೆಸಿಕೊಂಡು ಬನ್ಸು, ಭಾಜಿ ತಿನ್ನಲು ಹೋದರು. ಕಾಲೇಜಿನ ಇಮೇಜು ಹಾಗೂ ಹೀಗೂ ಉಳಿಯಿತು.

ಉಳಿಯದೇ ಇದ್ದದ್ದು ಹುಡುಗನ ನೆಮ್ಮದಿ. ಮುಂದಿನ ವಾರ ಲೆಕ್ಕ ಪರಿಶೋಧಕರು ಬಂದರು. ದಾಸ್ತಾನು ಪುಸ್ತಕದಲ್ಲಿ ನಲವತ್ತು ಹಾರ್ಡ್ ಡಿಸ್ಕ್ ಇವೆ, ಯಂತ್ರದೊಳಗೆ ಒಂದೂ ಇಲ್ಲ.

"ಡಿಸ್ಕ್ ಎಲ್ಲಿ?"

"ಬೇಕಾಗಿಲ್ಲ ಸರ್. ಇಲ್ಲದೇ ನಡೀತದೆ."

"ನಡೆಯುವುದು ಬಿಡಿ. ಎಲ್ಲಿ?"

ಹುಡುಗ ಯಕ್ಷಗಾನದ ಮೊರೆ ಹೋದ. ಮೇಳದ ವೇಷಧಾರಿ ಚೌಕಿಗೆ ಬರಿಗೈಯಲ್ಲಿ ಬರುತ್ತಾನೆ, ಮೇಳದ ಪೆಟ್ಟಿಗೆಯಿಂದ ಕಿರೀಟ, ಎದೆಕಟ್ಟು ತೆಗೆದು ಕಟ್ಟಿಕೊಂಡು ಕುಣಿಯುತ್ತಾನೆ, ಬೆಳಗಾದ ಮೇಲೆ ಪೆಟ್ಟಿಗೆಗೇ ಮರಳಿಸಿ ಮನೆಗೆ ಹೋಗುತ್ತಾನೆ. ಅವನ ಮನೆಯಲ್ಲಿ ಕಿರೀಟ ಹುಡುಕಿದರೆ ಸಿಗುತ್ತದೆಯೇ ಎಂದು ಕೇಳಿದ. 1934ರಿಂದ ಕೆರೆಮನೆಯ ಮೇಳ ಕುಣಿಯುತ್ತಿರುವ ಹೊನ್ನಾವರ ಸೀಮೆಯಲ್ಲಿ ಈ ಮಾತು ತಲೆಗೆ ಹೋಗಬೇಕಿತ್ತು. ಲೆಕ್ಕದವರು ಘಟ್ಟದ ಮೇಲಿನವರು. "ಕಿರೀಟದ ವಿಷಯ ಬೇರೆ ದಾಸ್ತಾನು ಪುಸ್ತಕದಲ್ಲಿ ಬರುತ್ತದೆ," ಎಂದು ಆಕ್ಷೇಪಣೆ ಬರೆದು ಹೋದರು.

ಆಮೇಲೆ ಏನಾಯಿತು ಎಂದರೆ ಹಳೆಯ ಕಥೆಯೊಂದು ನೆನಪಾಗುತ್ತದೆ. ವಿಜಯನಗರದ ಕಾಲದಲ್ಲಿ ಭಟ್ಕಳ ಬಂದರಿನಲ್ಲಿ ಅರಬ್ಬೀ ಕುದುರೆಗಳು ಇಳಿಯುತ್ತಿದ್ದವು, ಅಲ್ಲಿಂದ ಘಟ್ಟ ಹತ್ತಿ ರಾಜಧಾನಿಗೆ ಹೋಗುತ್ತಿದ್ದವು. ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ 1530ರ ದಶಕದಲ್ಲಿ ಬರೆದಿಟ್ಟ ವೃತ್ತಾಂತದಲ್ಲಿ ಒಂದು ಸ್ವಾರಸ್ಯವಿದೆ. ನರಸಿಂಹ ರಾಯ ಕುದುರೆಗಳನ್ನು ಬದುಕಿದ್ದರೂ ಸತ್ತಿದ್ದರೂ ಕೊಳ್ಳುತ್ತಿದ್ದನಂತೆ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕು, ಬದುಕಿರುವ ಕುದುರೆಯ ಬೆಲೆಯೇ ಸಿಗುತ್ತಿತ್ತು. ನಮ್ಮ ಕಾಲೇಜೂ ಅದೇ ಧರ್ಮ ಪಾಲಿಸಿತು. ಸತ್ತ ಹದಿನೇಳು, ಸಾಯುತ್ತಿದ್ದ ಇಪ್ಪತ್ತಮೂರು ಡಿಸ್ಕುಗಳನ್ನು ಮೋರಿಯ ಪಕ್ಕದ ಗೋಣಿಚೀಲದಿಂದ ತೆಗೆದು, ಒರೆಸಿ, ದಾಸ್ತಾನು ಸಂಖ್ಯೆಯ ಚೀಟಿ ಅಂಟಿಸಿ, ಪೆಟ್ಟಿಗೆಯೊಳಗೆ ಸ್ಕ್ರೂ ಹಾಕಿ ಕೂಡಿಸಿದರು. ವೈರು ಮಾತ್ರ ಸಿಕ್ಕಿಸಲಿಲ್ಲ. ಮರುತಪಾಸಣೆಯಲ್ಲಿ ಲೆಕ್ಕದವರು ನಲವತ್ತು ಬಾಲ ಎಣಿಸಿ, ಆಕ್ಷೇಪಣೆ ಹಿಂತೆಗೆದುಕೊಂಡರು.

ಡಿಸ್ಕಿಲ್ಲದ ಕಂಪ್ಯೂಟರು ಬಡವರ ಉಪಾಯ ಎಂದು ಪ್ರಾಂಶುಪಾಲರಿಗೆ ಒಳಗೊಳಗೇ ನಾಚಿಕೆ ಇತ್ತು. ಅವರಿಗೆ ಹುಡುಗ ಬೆಂಗಳೂರಿನ ಉದಾಹರಣೆ ಕೊಟ್ಟ. ಭಾರತೀಯ ವಿಜ್ಞಾನ ಸಂಸ್ಥೆ 2015ರಲ್ಲಿ ಸಹಸ್ರಟಿ ಎಂಬ ಕ್ರೇ ಸೂಪರ್ ಕಂಪ್ಯೂಟರನ್ನು ತಂದು ಕೂಡಿಸಿತು. ಅದರಲ್ಲಿ ಲೆಕ್ಕ ಮಾಡುವ ಘಟಕಗಳು ಸಾವಿರಕ್ಕೂ ಹೆಚ್ಚು. ಒಂದರಲ್ಲೂ ಡಿಸ್ಕ್ ಇರಲಿಲ್ಲ. ಎಲ್ಲವೂ ಒಂದೇ ಇಮೇಜನ್ನು ಜಾಲದ ಮೂಲಕ ತರಿಸಿಕೊಂಡೇ ಏಳುತ್ತಿದ್ದವು. ಸೂಪರ್ ಕಂಪ್ಯೂಟರು ಎಂದರೆ ಒಂದು ದೊಡ್ಡ ಮೆದುಳಲ್ಲ, ಸಾವಿರ ಸಾಮಾನ್ಯ ಮೆದುಳುಗಳ ಪಂಕ್ತಿ. 1994ರಲ್ಲಿ ಅಮೆರಿಕದ ನಾಸಾದಲ್ಲಿ ಥಾಮಸ್ ಸ್ಟರ್ಲಿಂಗ್, ಡೊನಾಲ್ಡ್ ಬೆಕರ್ ಎಂಬಿಬ್ಬರು ಅಂಗಡಿಯಲ್ಲಿ ಸಿಗುವ ಹದಿನಾರು 486 ಚಿಪ್ಪಿನ ಕಂಪ್ಯೂಟರುಗಳನ್ನು ವೈರಿನಲ್ಲಿ ಪೋಣಿಸಿ ಬೇವುಲ್ಫ್ ಎಂದು ಹೆಸರಿಟ್ಟ ಮೇಲೆ ಈ ಪಂಕ್ತಿಭೋಜನ ಜಗತ್ತಿಗೆಲ್ಲ ಹರಡಿತು. ಅದಕ್ಕಿಂತ ಎಂಟು ವರ್ಷ ಮೊದಲೇ, 1986ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದವರು ಹಲವು ಸಂಸ್ಕಾರಕಗಳನ್ನು ಒಟ್ಟಿಗೆ ದುಡಿಸುವ ಫ್ಲೋಸಾಲ್ವರ್ ಕಟ್ಟಿದ್ದರು. 

ಪ್ರಾಂಶುಪಾಲರು ಎಲ್ಲ ಕೇಳಿ, "ಹಾಗಾದ್ರೆ ನಮ್ಮದೂ ಸೂಪರ್ ಕಂಪ್ಯೂಟರಾ?" ಎಂದರು. ಹುಡುಗ ಸಂಕೋಚದಿಂದ, "ಪದ್ಧತಿ ಒಂದೇ ಸರ್," ಎಂದ. ವಾರ ಕಳೆಯುವುದರೊಳಗೆ ಕಾಲೇಜಿನ ಪ್ರವೇಶಾತಿ ಕರಪತ್ರದಲ್ಲಿ 'ಸೂಪರ್ ಕಂಪ್ಯೂಟರ್ ಮಾದರಿಯ ಲ್ಯಾಬ್' ಎಂದು ಅಚ್ಚಾಯಿತು. ಕೆಳಗೆ ಕ್ಯಾಂಟೀನಿನ ಚಿತ್ರ.

ಇಷ್ಟು ಹೊತ್ತು ನಕ್ಕಿದ್ದಾಯಿತು. ಇನ್ನು ಹೇಳಬೇಕಾದದ್ದು ಇದೆ.

ಇಮೇಜು ಕಟ್ಟಲು ಎರಡು ದಾರಿಗಳಿವೆ. ಒಂದು, ಯಾವುದೋ ಒಂದು ಯಂತ್ರವನ್ನು ಕೈಯಾರೆ ಅಣಿಗೊಳಿಸಿ, ಎಲ್ಲ ಸರಿ ಇದೆ ಎನಿಸಿದಾಗ ಅದನ್ನು ಇದ್ದ ಹಾಗೇ ಅಚ್ಚು ತೆಗೆಯುವುದು. ಇದನ್ನು ಗೋಲ್ಡನ್ ಇಮೇಜ್ ಎನ್ನುತ್ತಾರೆ. ಬಂಗಾರದ ಹಾಗೆ ಹೊಳೆಯುತ್ತದೆ, ಬಂಗಾರದ ಹಾಗೇ ಕಪಾಟಿನಲ್ಲಿ ಕೂರುತ್ತದೆ. ಇನ್ನೊಂದು, ಏನೇನು ಹಾಕಬೇಕು, ಯಾವ ಕ್ರಮದಲ್ಲಿ, ಎಷ್ಟು ಎಂಬುದನ್ನು ಸಾಲು ಸಾಲಾಗಿ ಒಂದು ಪಠ್ಯದಲ್ಲಿ ಬರೆದಿಟ್ಟು, ಬೇಕಾದಾಗಲೆಲ್ಲ ಆ ಪಠ್ಯದಿಂದ ಹೊಸ ಇಮೇಜನ್ನು ಕಟ್ಟಿಸುವುದು. 1999ರ ಎಕ್ಸ್‌ಕ್ಯಾಟ್, 2001ರ ವೇರ್‌ವುಲ್ಫ್ ಇಂಥ ಸಲಕರಣೆಗಳು ಹುಟ್ಟಿದ್ದೇ ದೊಡ್ಡ ಪಂಕ್ತಿಗಳನ್ನು ಕೈಯಿಂದ ಸಂಭಾಳಿಸಲಾಗದು ಎಂದು. ಮೊದಲನೆಯದು ಉಪ್ಪಿನಕಾಯಿಯ ಭರಣಿ. ಎರಡನೆಯದು ಉಪ್ಪಿನಕಾಯಿ ಹಾಕುವ ಕ್ರಮ. ಅಪ್ಪೆಮಿಡಿಯ ಸೀಮೆಯವರಿಗೆ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ: ಅಜ್ಜಿ ಹಾಕಿಟ್ಟ ಭರಣಿ ಅಜ್ಜಿಯ ನಂತರ ಒಂದು ಮಳೆಗಾಲಕ್ಕೆ ಬರುತ್ತದೆ, ಎರಡನೆಯದಕ್ಕೆ ತಳ ಕಾಣುತ್ತದೆ, ಆಮೇಲೆ ಮನೆಯವರೆಲ್ಲ ಕುಳಿತು "ಸಾಸಿವೆ ಹುರಿದು ಹಾಕ್ತಿದ್ಲಾ, ಹಸಿದಾ?" ಎಂದು ಜಗಳವಾಡುತ್ತಾರೆ.

ನಮ್ಮ ಹುಡುಗ ಭರಣಿ ಮಾಡಿದ್ದ. ಕ್ರಮ ಬರೆಯಲು ಎರಡು ವಾರ ಬಿಡುವು ಕೇಳಿದ. "ಬರೆದು ಏನು ಮಾಡ್ತೆ? ನೀನು ಇದ್ದಿಯಲ್ಲ," ಎಂದರು. ಹಂಗಾಮಿ ನೌಕರನಿಗೆ ಸಂಸ್ಥೆ ಕೊಡಬಹುದಾದ ಅತಿ ದೊಡ್ಡ ಗೌರವ ಇದು. ಸಂಬಳ ಬಿಟ್ಟು ಉಳಿದೆಲ್ಲ ಇದರಲ್ಲಿದೆ. ಮಾರ್ಚಿನಲ್ಲಿ ಅವನ ಕರಾರು ಮುಗಿಯಿತು. ನವೀಕರಣದ ಕಡತ ಕಾರವಾರಕ್ಕೆ ಹೋಯಿತೋ ಧಾರವಾಡಕ್ಕೆ ಹೋಯಿತೋ, ಅದಕ್ಕೂ ಬೂಟ್ ಕಡತದ ಹೆಸರು ಸಿಗಲಿಲ್ಲ. ಹುಡುಗ ಮೇ ತಿಂಗಳ ಒಂದು ರಾತ್ರಿ ಬೆಂಗಳೂರಿನ ಬಸ್ಸು ಹತ್ತಿದ. ಸರ್ವರಿನ ಪಾಸ್‌ವರ್ಡೂ ಅವನ ಪಕ್ಕದ ಸೀಟಿನಲ್ಲೇ ಕುಳಿತು ಹೋಯಿತು.

ಜೂನಿನಲ್ಲಿ ಲ್ಯಾಬು ತೆರೆದರು. ನಲವತ್ತೂ ಎದ್ದವು, ಭರಣಿಯಲ್ಲಿ ಇನ್ನೂ ಇತ್ತು. ಆದರೆ ಅಚ್ಚು ತೆಗೆಯುವ ಹೊತ್ತಿಗೆ ಹುಡುಗನ ಯಂತ್ರದಲ್ಲಿ ಏನೇನು ತೆರೆದಿತ್ತೋ ಅದೆಲ್ಲವೂ ಅಚ್ಚಿನಲ್ಲಿ ಕೂತುಬಿಟ್ಟಿತ್ತು. ಕೊನೆಯ ಸಲ ಅವನು ಅಚ್ಚು ತೆಗೆದದ್ದು ಕರಾರು ಮುಗಿಯುವ ಹಿಂದಿನ ರಾತ್ರಿ. ಬ್ರೌಸರ್ ಒತ್ತಿದರೆ ನಲವತ್ತೂ ಪರದೆಯ ಮೇಲೆ ಒಂದೇ ಪುಟ: 'ಬೆಂಗಳೂರಿನಲ್ಲಿ ಉದ್ಯೋಗ, ಅನುಭವ ಎರಡು ವರ್ಷ'. ಆರಿಸಿ ಮತ್ತೆ ಹಚ್ಚಿದರೂ ಅದೇ. ಪುಟ ಮುಚ್ಚಿದರೆ ಆ ದಿನಕ್ಕೆ ಮುಚ್ಚುತ್ತದೆ, ಮರುದಿನ ಮತ್ತೆ ಹೊಸದಾಗಿ ತೆರೆಯುತ್ತದೆ. ಕಾಲೇಜಿನ ನಲವತ್ತು ಕಂಪ್ಯೂಟರುಗಳು ಪ್ರತಿದಿನ ಬೆಳಿಗ್ಗೆ ಎದ್ದು ಊರು ಬಿಡಲು ಅರ್ಜಿ ಹುಡುಕುತ್ತವೆ. ನಮ್ಮೂರಿನ ಮಕ್ಕಳಿಗೆ ಇಷ್ಟು ನಿಖರವಾದ ಉದ್ಯೋಗ ಮಾರ್ಗದರ್ಶನವನ್ನು ಯಾವ ಪ್ಲೇಸ್‌ಮೆಂಟ್ ಘಟಕವೂ ಕೊಟ್ಟಿರಲಿಲ್ಲ.

ಇದು ಸಾಲದು ಎಂಬಂತೆ ಇನ್ನೊಂದು ಆಯಿತು. ಪ್ರತಿ ಲಿನಕ್ಸ್ ಯಂತ್ರಕ್ಕೂ ತನ್ನದೇ ಗುರುತಿನ ಸಂಖ್ಯೆ ಇರಬೇಕು. ಅಚ್ಚು ತೆಗೆಯುವಾಗ ಅದನ್ನು ಅಳಿಸಿ ತೆಗೆಯಬೇಕು ಎನ್ನುವುದು ಬರೆಯದೇ ಉಳಿದ ಕ್ರಮದ ಒಂದು ಸಾಲು. ಈಗ ನಲವತ್ತಕ್ಕೂ ಒಂದೇ ಗುರುತು. ನಲವತ್ತು ಜನ ಒಂದೇ ರೇಷನ್ ಕಾರ್ಡು ಹಿಡಿದು ಸೊಸೈಟಿಯ ಮುಂದೆ ನಿಂತರೆ ಏನಾಗಬೇಕೋ ಅದು ಆಗುತ್ತಿದೆ: ಒಂದು ಯಂತ್ರಕ್ಕೆ ಕೊಟ್ಟ ವಿಳಾಸವನ್ನು ಮತ್ತೊಂದು ಕಸಿಯುತ್ತದೆ, ಅದರಿಂದ ಮೂರನೆಯದು. ಅಧ್ಯಾಪಕಿಯೊಬ್ಬರು, "ಅಕ್ಕೋರೆ, ನಂದು ಹೋಯ್ತು" ಎಂಬ ಕೂಗಿಗೆ ಕಿವುಡಾಗಿದ್ದಾರೆ. ನಲವತ್ತು ಜರ್ನಲ್ಲುಗಳಲ್ಲೂ ಒಂದೇ ಪ್ರೋಗ್ರಾಮು, ಒಂದೇ ತಪ್ಪು, ಒಂದೇ ಉತ್ತರ ಬರೆದು ರೂಢಿಯಾದವರಿಗೆ ಯಂತ್ರಗಳ ಈ ಏಕತೆಯಲ್ಲಿ ದೋಷ ಕಾಣಲಿಲ್ಲ.

ಒಂದೇ ಅಚ್ಚು ಎಲ್ಲರಿಗೂ ಎನ್ನುವುದೇ ತಪ್ಪು ಎಂದು ಯಾರಾದರೂ ಇಲ್ಲಿ ತೀರ್ಪು ಕೊಡಬಹುದು. ತಡೆಯಿರಿ. ಇದೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋದರೆ ಕಾಸರಗೋಡು ಸಿಗುತ್ತದೆ. ಅಲ್ಲಿಯ ಕನ್ನಡ ಮಾಧ್ಯಮದ ಮಕ್ಕಳು ಐಸಿಟಿ ಪಾಠ ಓದುವುದು ಕನ್ನಡದಲ್ಲಿ. ಕಲಿಯುವುದು ಕೇರಳದ ಶಾಲೆಗಳಿಗೆಂದೇ ಕಟ್ಟಿದ ಲಿನಕ್ಸಿನಲ್ಲಿ. 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆಯಾಗಿ ಶುರುವಾದದ್ದು 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಅವರೂ ರಾಜ್ಯಕ್ಕೆಲ್ಲ ಒಂದೇ ಅಚ್ಚು ಕೊಡುತ್ತಾರೆ. ಅದರಿಂದ ಪರವಾನಗಿ ಶುಲ್ಕದಲ್ಲಿ 3,000 ಕೋಟಿ ರೂಪಾಯಿ ಉಳಿಯಿತು ಎಂದು 2019ರಲ್ಲಿ ಹೇಳಿಕೊಂಡರು. ಆ ಲೆಕ್ಕವನ್ನು ಒಪ್ಪುವುದೂ ಬಿಡುವುದೂ ನಿಮಗೆ ಬಿಟ್ಟದ್ದು. ನಾನು ನೋಡುವುದು ಇಷ್ಟೇ: ಅಲ್ಲಿ ಅಚ್ಚು ಒಬ್ಬ ಹಂಗಾಮಿ ಹುಡುಗನ ತಲೆಯಲ್ಲಿಲ್ಲ. ಅದನ್ನು ಕಟ್ಟುವುದೇ ಕೆಲಸವಾಗಿರುವ ಜನರಿದ್ದಾರೆ, ಹಳತಾದಾಗ ಹೊಸದು ಕಟ್ಟುತ್ತಾರೆ, ಮಾಸ್ತರರಿಗೆ ಕಲಿಸುತ್ತಾರೆ. ಅಲ್ಲಿ ಆ ಯೋಜನೆ ಶುರುವಾದ ಕಾಲಕ್ಕೇ ನಮ್ಮಲ್ಲಿಯೂ 'ಮಾಹಿತಿ ಸಿಂಧು' ಎಂಬ ಯೋಜನೆ ಹರಿಯತೊಡಗಿತ್ತು. ಕಲಿಸುವುದನ್ನು ಹೊರಗುತ್ತಿಗೆಗೆ ಕೊಟ್ಟರು. ಗುತ್ತಿಗೆ ಮುಗಿದಾಗ ಕಲಿಸುವವರು ಹೋದರು, ಶಾಲೆಗಳಲ್ಲಿ ಪೆಟ್ಟಿಗೆ ಉಳಿದವು. ಹೆಸರಿನಲ್ಲಿ ಸಮುದ್ರ ಇತ್ತು, ನಮಗೆ ದಕ್ಕಿದ್ದು ಉಪ್ಪುಗಾಳಿ.

ಒಂದೇ ಅಚ್ಚಿನಲ್ಲಿ ದೋಷವಿಲ್ಲ. ಪಂಕ್ತಿಯಲ್ಲಿ ಎಲ್ಲರಿಗೂ ಒಂದೇ ಅನ್ನ ಬಡಿಸುವುದು ಅನ್ಯಾಯವಲ್ಲ. ಅಡುಗೆಯವನನ್ನು ಊಟ ಮುಗಿಯುವ ಮೊದಲೇ ಕಳಿಸಿ, ನಾಳೆಯ ಪಂಕ್ತಿಗೆ ಇವತ್ತಿನ ಅನ್ನದ ಫೋಟೋ ಇಟ್ಟುಕೊಳ್ಳುವುದು ಮೂರ್ಖತನ. ನಮ್ಮ ಸಂಸ್ಥೆಗಳಿಗೆ ಇಮೇಜು ಬೇಕು, ಅದನ್ನು ಕಟ್ಟುವ ಕ್ರಮ ಬೇಡ. ಕಂಪ್ಯೂಟರು ಬೇಕು, ಅದನ್ನು ಏಳಿಸುವವನು ಬೇಡ. ಹಾರ ಹಾಕಿಸಿಕೊಳ್ಳಲು ಬಂದವರ ಹೆಸರನ್ನು ಗ್ರಾನೈಟಿನಲ್ಲಿ ಕೆತ್ತಿಸುತ್ತೇವೆ; ಸರ್ವರಿನ ಪಾಸ್‌ವರ್ಡನ್ನು ಬಸ್ ಟಿಕೆಟಿನ ಹಿಂದೆಯೂ ಬರೆದಿಟ್ಟುಕೊಳ್ಳುವುದಿಲ್ಲ.

ಹೊಸ ಇಮೇಜು ಬೇಕು ಎಂದು ಹಳೆ ವಿದ್ಯಾರ್ಥಿ ಸಂಘದ ಸಭೆಯಲ್ಲಿ ನಾನು ವಿಷಯ ಎತ್ತಿದೆ. ಎಲ್ಲರೂ ಒಪ್ಪಿದರು. ಮುಂಬಾಗಿಲಿನ ಕಮಾನಿಗೆ ಬಣ್ಣ ಹೊಡೆಸುವುದು ಎಂದು ಠರಾವಾಯಿತು.

ಮೊನ್ನೆ ಲ್ಯಾಬಿಗೆ ಹೋಗಿದ್ದೆ. ಸರ್ವರ್ ಇಟ್ಟಿರುವ ಮೂಲೆಯ ಗೋಡೆಯ ಮೇಲೆ, ಸ್ವಿಚ್ಚಿನ ಪಕ್ಕದಲ್ಲಿ, ಹುಡುಗ ಹೋಗುವ ದಿನ ಪೆನ್ಸಿಲಿನಲ್ಲಿ ತನ್ನ ಮೊಬೈಲ್ ನಂಬರ್ ಬರೆದು ಹೋಗಿದ್ದಾನೆ. ಆ ಲ್ಯಾಬಿನ ಬಗ್ಗೆ ಬರಹದಲ್ಲಿ ಇರುವುದು ಅದೊಂದೇ. ಈ ವರ್ಷದ ಮಳೆಗೆ ಆ ಗೋಡೆ ಒಸರಿದೆ. ಕೊನೆಯ ಎರಡು ಅಂಕಿ ಓದಲು ಬರುವುದಿಲ್ಲ.